ಸಿನಿಮಾ ಪ್ರಶ್ನೋತ್ತರ: ‘ಆಲ್ಫಾ ಡಾಗ್’ ಚಿತ್ರದಲ್ಲಿ ಕಂಡೂ ಸುಮ್ಮನಿದ್ದವರು

ಪ್ರಶ್ನೆ: ‘ಆಲ್ಫಾ ಡಾಗ್’ ಎಂಬ ಅಮೆರಿಕದ ಚಿತ್ರವನ್ನು ಈಚೆಗೆ ನೋಡಿದೆ. ಮಾದಕ ವಸ್ತು ಮಾರುವ ಯುವಕರು ಅಪಹರಿಸಿದ ಹುಡುಗ ಕಟ್ಟಿಲ್ಲದೆ, ಕಾವಲಿಲ್ಲದೆ ಪಾರ್ಟಿಗಳಲ್ಲಿ ಓಡಾಡಿಕೊಂಡಿರುತ್ತಾನೆ. ಆದರೂ ಅವನು ತಪ್ಪಿಸಿಕೊಳ್ಳುವುದಿಲ್ಲ, ಅವನನ್ನು ಕಂಡವರು ಪೊಲೀಸರಿಗೆ ತಿಳಿಸುವುದೂ ಇಲ್ಲ. ಇದು ನಂಬುವಂತಹ ಕಥೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದು ಬರೀ ಕಲ್ಪನೆಯಾಗಿದ್ದರೆ ನಿಮ್ಮ ಆಕ್ಷೇಪವನ್ನು ನಾನೂ ಒಪ್ಪುತ್ತಿದ್ದೆ. ಆದರೆ ನೀವು ನಂಬಲಾಗದು ಎನ್ನುವ ಭಾಗವೇ ನಿಜವಾಗಿ ನಡೆದದ್ದು. 2000ನೇ ಇಸವಿಯ ಆಗಸ್ಟ್ 6ರಂದು ಲಾಸ್ ಏಂಜಲೀಸ್‌ನ ವೆಸ್ಟ್ ಹಿಲ್ಸ್ ಬಡಾವಣೆಯಲ್ಲಿ ನಿಕೊಲಸ್ ಮಾರ್ಕೊವಿಟ್ಜ್ ಎಂಬ ಹದಿನೈದು ವರ್ಷದ ಹುಡುಗನನ್ನು ಹಾಡಹಗಲೇ ವ್ಯಾನಿಗೆ ಹತ್ತಿಸಿಕೊಂಡು ಹೋದರು. ಅವನ ಮಲ ಅಣ್ಣ ಸುಮಾರು 1,200 ಡಾಲರ್ ಬಾಕಿ ಉಳಿಸಿಕೊಂಡಿದ್ದುದೇ ಇದಕ್ಕೆ ಕಾರಣ. ಸಾಲ ಕೊಟ್ಟಿದ್ದ ಜೆಸ್ಸಿ ಜೇಮ್ಸ್ ಹಾಲಿವುಡ್ ಎಂಬಾತನಿಗೆ (ಹೆಸರು ಕಟ್ಟಿದ್ದಲ್ಲ, ಹುಟ್ಟಿನಿಂದ ಬಂದದ್ದು) ಆಗ ಇಪ್ಪತ್ತು ವರ್ಷ. ಹುಡುಗನನ್ನು ಸ್ಯಾಂಟಾ ಬಾರ್ಬರಾದಲ್ಲಿ ಇರಿಸಿಕೊಂಡಿದ್ದರು. ಅವನು ಅವರೊಂದಿಗೆ ಕುಡಿದ, ಗಾಂಜಾ ಸೇದಿದ, ಹುಡುಗಿಯರ ಪರಿಚಯ ಮಾಡಿಕೊಂಡ. ಮೂರು ದಿನಗಳ ಬಳಿಕ ಬೆಟ್ಟದ ಮೇಲಿನ ನಿರ್ಜನ ಸ್ಥಳವೊಂದರಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ನಿರ್ದೇಶಕ ನಿಕ್ ಕ್ಯಾಸಾವೆಟಿಸ್ ಹೆಸರುಗಳನ್ನೂ ಊರುಗಳನ್ನೂ ಬದಲಿಸಿದರೇ ಹೊರತು ಘಟನೆಯ ಒಡಲನ್ನು ಬದಲಿಸಲಿಲ್ಲ. ಚಿತ್ರದಲ್ಲಿ ಹೊಸ ಮುಖವೊಂದು ಹುಡುಗನ ಎದುರು ಬಂದಾಗಲೆಲ್ಲ ತೆರೆಯ ಮೇಲೆ ಆ ವ್ಯಕ್ತಿಯ ಹೆಸರೂ ಸಾಕ್ಷಿ ಸಂಖ್ಯೆಯೂ ಮೂಡುವುದನ್ನು ನೀವು ಗಮನಿಸಿರಬಹುದು. ನನ್ನ ಮಟ್ಟಿಗೆ ಇಡೀ ಚಿತ್ರದ ಶಕ್ತಿ ಇರುವುದು ಅಲ್ಲಿಯೇ. ಮೊದಲ ಕೆಲವು ಸಾಕ್ಷಿಗಳು ಬಂದಾಗ ಅದೊಂದು ತಾಂತ್ರಿಕ ಚಮತ್ಕಾರದಂತೆ ಕಾಣುತ್ತದೆ. ಸಂಖ್ಯೆ ಏರುತ್ತಾ ಹೋದಂತೆ, ಮುಂದೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡಬೇಕಾದ ಇಷ್ಟೊಂದು ಮಂದಿ ಈ ಹೊತ್ತು ಈಜುಕೊಳದ ಬದಿಯಲ್ಲಿ ನಗುತ್ತಾ ಕುಳಿತಿದ್ದಾರಲ್ಲ ಎಂಬ ಅರಿವು ನೋಡುಗನನ್ನು ಹಿಂಡತೊಡಗುತ್ತದೆ. ಅವರಲ್ಲಿ ಹೆಚ್ಚಿನವರು ದುಷ್ಟರಲ್ಲ. ಅಪಹರಣಕ್ಕೊಳಗಾದವನೇ ನಗುತ್ತಿರುವಾಗ ಅದನ್ನು ಅಪರಾಧವೆಂದು ತಿಳಿಯುವ ಗಂಭೀರತೆ ಅವರಲ್ಲಿ ಇರಲಿಲ್ಲ, ಅಷ್ಟೆ. ಮಕ್ಕಳ ಕೋಣೆಯೊಳಗೆ ಏನು ನಡೆಯುತ್ತಿದೆ ಎಂದು ಇಣುಕದ ದೊಡ್ಡವರನ್ನು ಮಾತ್ರ ಅಷ್ಟು ಸುಲಭವಾಗಿ ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಹುಡುಗನ ವಿಚಾರಕ್ಕೆ ಬಂದರೆ, ತಾನು ಓಡಿಹೋದರೆ ಅಣ್ಣನಿಗೆ ಇನ್ನಷ್ಟು ತೊಂದರೆಯಾದೀತೆಂಬ ಅಂಜಿಕೆ ಅವನಿಗಿತ್ತು. ಅದಕ್ಕಿಂತ ಹೆಚ್ಚಾಗಿ, ವಯಸ್ಸಿನಲ್ಲಿ ಹಿರಿಯರಾದ ಹುಡುಗರು ತನ್ನನ್ನು ಸಮಾನನಂತೆ ಕಾಣುತ್ತಿದ್ದಾರೆಂಬ ಸಂಭ್ರಮವಿತ್ತು. ಹುಡುಗನ ಪಾತ್ರ ಮಾಡಿರುವ ಆಂಟನ್ ಯೆಲ್ಚಿನ್ ಈ ಎರಡನ್ನೂ ಒಂದೇ ಮುಖದಲ್ಲಿ ತಂದಿದ್ದಾರೆ. ಅವನನ್ನು ನೋಡಿಕೊಳ್ಳುವ ಗೆಳೆಯನಾಗಿ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಇಷ್ಟು ಚೆನ್ನಾಗಿ ನಟಿಸುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ.

ಪ್ರಶ್ನೆ: ಬಾಕಿ ಹಣ ಅಷ್ಟು ಚಿಕ್ಕದಾಗಿರುವಾಗ ಹುಡುಗನನ್ನು ಮನೆಗೆ ಕಳುಹಿಸಿಬಿಡಬಹುದಿತ್ತಲ್ಲವೇ? ಕೊಲೆಯವರೆಗೆ ಹೋಗುವುದಕ್ಕೆ ಚಿತ್ರ ಸರಿಯಾದ ಕಾರಣ ಕೊಡುವುದಿಲ್ಲ ಎನಿಸಿತು.
– ಓದುಗರೊಬ್ಬರು, ಧಾರವಾಡ

ಉತ್ತರ: ಕಾರಣವನ್ನು ಕೊಡುತ್ತದೆ, ಆದರೆ ಅದು ಹಣವಲ್ಲ, ಶಿಕ್ಷೆಯ ಭಯ. ನೈಜ ಪ್ರಕರಣದಲ್ಲಿ ಹಾಲಿವುಡ್ ತನಗೆ ಪರಿಚಿತರಾದ ವಕೀಲರೊಬ್ಬರನ್ನು ಕಂಡು ಮಾತನಾಡಿದ್ದ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಹಣ ವಸೂಲಿಗಾಗಿ ಅಪಹರಿಸಿದರೆ ಜೀವಾವಧಿ ಶಿಕ್ಷೆಯಾಗಬಹುದೆಂದು ಅವನಿಗೆ ತಿಳಿದದ್ದು ಆಗ. ಅಲ್ಲಿಯವರೆಗೆ ಪುಂಡಾಟವಾಗಿದ್ದ ಕೆಲಸ ಆ ಮಾತಿನಿಂದ ಬೇರೆಯೇ ರೂಪ ಪಡೆಯಿತು. ಹುಡುಗನನ್ನು ಬಿಟ್ಟರೆ ಅವನೇ ಮೊದಲ ಸಾಕ್ಷಿಯಾಗುತ್ತಾನೆ ಎಂಬ ಲೆಕ್ಕ ಹುಟ್ಟಿತು. ಗುಂಡು ಹಾರಿಸಿದವನು ಕೂಡ ಹಾಲಿವುಡ್‌ಗೆ ಸಾಲ ತೀರಿಸಲಾಗದೆ ಅವನ ಮನೆಯ ಚಾಕರಿ ಮಾಡಿಕೊಂಡಿದ್ದವನು. ಚಿತ್ರದಲ್ಲಿ ಶಾನ್ ಹಟೋಸಿ ಮಾಡಿರುವ ಆ ಪಾತ್ರವನ್ನು ಎಲ್ಲರೂ ಗೇಲಿ ಮಾಡುವ ಆರಂಭದ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ಕೊಲೆಗೆ ಬೇಕಾದ ಕಾರಣದ ಅರ್ಧಭಾಗ ಅಲ್ಲಿಯೇ ಇದೆ.

ಪ್ರಶ್ನೆ: ಆರೋಪಿಯ ವಿಚಾರಣೆ ಮುಗಿಯುವ ಮೊದಲೇ ಇಂತಹ ಚಿತ್ರ ಬಿಡುಗಡೆಯಾದದ್ದು ಸರಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಲಿವುಡ್ ಸುಮಾರು ಐದು ವರ್ಷ ತಲೆಮರೆಸಿಕೊಂಡಿದ್ದು, 2005ರ ಮಾರ್ಚ್‌ನಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕಿಬಿದ್ದ. ಅವನು ಸಿಗುವ ಮುನ್ನ ಸರ್ಕಾರಿ ವಕೀಲರೇ ಪ್ರಕರಣದ ಕಡತಗಳನ್ನು ಚಿತ್ರತಂಡಕ್ಕೆ ಕೊಟ್ಟಿದ್ದರು. ಪ್ರಚಾರ ಸಿಕ್ಕರೆ ಪರಾರಿಯಾದವನು ಪತ್ತೆಯಾದಾನು ಎಂಬುದು ಅವರ ಸಮರ್ಥನೆಯಾಗಿತ್ತು. ಚಿತ್ರವನ್ನು ತಡೆಯಲು ಆರೋಪಿಯ ವಕೀಲರು ಮಾಡಿದ ಪ್ರಯತ್ನ ಫಲಿಸದೆ, 2007ರ ಜನವರಿಯಲ್ಲಿ ಅದು ಅಮೆರಿಕದ ಚಿತ್ರಮಂದಿರಗಳಿಗೆ ಬಂದಿತು. ಆ ಸರ್ಕಾರಿ ವಕೀಲರನ್ನು ಪ್ರಕರಣದಿಂದ ತೆಗೆದುಹಾಕಬೇಕೇ ಎಂಬ ಪ್ರಶ್ನೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನ್ಯಾಯಾಲಯ 2008ರಲ್ಲಿ ಅವರ ನಡೆಯನ್ನು ಟೀಕಿಸಿತಾದರೂ ತೆಗೆದುಹಾಕುವ ಅಗತ್ಯವಿಲ್ಲವೆಂದು ತೀರ್ಪಿತ್ತಿತು. ಮರುವರ್ಷ ಹಾಲಿವುಡ್ ತಪ್ಪಿತಸ್ಥನೆಂದು ಸಾಬೀತಾಗಿ, 2010ರಲ್ಲಿ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಗೆ ಗುರಿಯಾದ. ಉದ್ದೇಶ ಒಳ್ಳೆಯದಿದ್ದರೂ ತನಿಖೆಯ ಕಡತ ಸಿನಿಮಾದವರ ಮೇಜಿಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಆ ಕಡತಗಳಿಲ್ಲದಿದ್ದರೆ ಚಿತ್ರಕ್ಕೆ ಈ ನಿಖರತೆ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗನಿಗೆ ಈ ಚಿತ್ರ ತೋರಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಲೇ ಬೇಡ. ಅಮೆರಿಕದಲ್ಲಿ ಇದಕ್ಕೆ ‘ಆರ್’ ಶ್ರೇಣಿ (ಹದಿನೇಳು ವರ್ಷದೊಳಗಿನವರು ದೊಡ್ಡವರ ಜೊತೆಯಲ್ಲಿ ಮಾತ್ರ ನೋಡಬಹುದಾದದ್ದು) ಕೊಟ್ಟಿದ್ದಾರೆ. ಬೈಗುಳ, ನಗ್ನತೆ, ಮಾದಕ ವಸ್ತುಗಳ ಸೇವನೆ ಉದ್ದಕ್ಕೂ ಇವೆ. ಕಥೆಯನ್ನು ನೀವೇ ಬಾಯಿಮಾತಿನಲ್ಲಿ ಹೇಳಿ, ಆ ಹುಡುಗ ಏಕೆ ಓಡಲಿಲ್ಲವೆಂದು ಮಗನನ್ನೇ ಕೇಳಿ ನೋಡಿ.