ಗೆದ್ದ ಕಾರನ್ನು ಸೋಲಿಸುತ್ತಿದ್ದವರು

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಾಗದೆ ಬಳಲುವವರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತಾರೆ. ಸಿಇಟಿಯಲ್ಲಿ ಕಾಲೇಜುಗಳ ಆಯ್ಕೆ ದಾಖಲಿಸುವ ವಾರಗಳಲ್ಲಿ ಮಗನ ಬದಲು ತಾವೇ ನಿದ್ದೆಗೆಟ್ಟ ತಂದೆಯರು ಬರುತ್ತಾರೆ. ಎರಡು ಕಂಪನಿಗಳ ನೇಮಕಾತಿ ಪತ್ರ ಹಿಡಿದು ಅಳುವ ಹುಡುಗಿಯರು, ಫ್ಲಾಟು ನೋಡಿ ನೋಡಿ ಜಗಳಕ್ಕೆ ಬಿದ್ದ ದಂಪತಿಗಳು ಬರುತ್ತಾರೆ. ಇವರನ್ನು ‘ಮೀನಮೇಷ ಎಣಿಸುವವರು’ ಎಂದು ಮನೆಯವರು ಬೈದು ಕಳಿಸಿರುತ್ತಾರೆ. ಬೈದರೆ ಎಣಿಕೆ ನಿಲ್ಲುವುದಿಲ್ಲ, ಹೆಚ್ಚಾಗುತ್ತದೆ. ಈ ಸಲ ಹೇಳುವುದು ಕಾರಿನ ಪ್ರಕರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ; ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಇದನ್ನು ಬರೆಯುತ್ತೇನೆ ಎಂದಾಗ ಸಹೋದ್ಯೋಗಿಯೊಬ್ಬರು, “ಹೊಟ್ಟೆ ತುಂಬಿದವರ ಸಂಕಟಕ್ಕೂ ನಾವು ಕಿವಿಗೊಡಬೇಕೇ?” ಎಂದರು. ಕಿವಿಗೊಡಬೇಕು ಎಂಬುದು ನನ್ನ ನಿಲುವು. ವಸ್ತುವಿನ ಬೆಲೆ ನೋಡಿ ಸಂಕಟವನ್ನು ಅಳೆಯಲು ಹೊರಟರೆ, ನಾಳೆ ಬಡವರ ಸಂಕಟವನ್ನೂ ನಾವು ಅದೇ ತಕ್ಕಡಿಯಲ್ಲಿಟ್ಟು ‘ಇಷ್ಟು ಚಿಕ್ಕದಕ್ಕೆ ಇಷ್ಟೇಕೆ’ ಎಂದುಬಿಡುತ್ತೇವೆ.

ಗೃಹಸ್ಥರಿಗೆ ವಯಸ್ಸು ನಲವತ್ತೈದು ದಾಟಿದೆ. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಹಿರಿಯ ಹುದ್ದೆ. ಪತ್ನಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ಜೊತೆಯಲ್ಲಿ ಮೊಣಕಾಲು ನೋವಿನ ತಾಯಿ, ಬೇರೆ ಊರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು. ಕಾರು ಕೊಳ್ಳಬೇಕೆಂದು ಹೊರಟು ವರ್ಷ ಕಳೆದಿತ್ತು. ಎರಡು ಶೋರೂಮಿನವರೂ ಫೋನು ಮಾಡುವುದನ್ನು ಬಿಟ್ಟಿದ್ದರು. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಬೆಳಗಿನ ಮೀಟಿಂಗಿನಲ್ಲಿ ತೂಕಡಿಸಿದ್ದು ಮೇಲಧಿಕಾರಿಯ ಕಣ್ಣಿಗೆ ಬಿದ್ದ ಮೇಲೆ ಪತ್ನಿ ಹಟ ಹಿಡಿದು ಕರೆತಂದರು.

ಕಣದಲ್ಲಿದ್ದವು ಬಿಎಂಡಬ್ಲ್ಯು 330 ಎಲ್‌ಐ ಮತ್ತು ಮರ್ಸಿಡಿಸ್ ಬೆಂಝ್ ಸಿ 300 ಡಿ. ಆಗ ಎರಡರ ಶೋರೂಮ್ ಬೆಲೆಯೂ 60 ಲಕ್ಷದ ಆಸುಪಾಸು. ಒಂದು ಚೆನ್ನೈ ಬಳಿ ಜೋಡಣೆಯಾಗುತ್ತಿತ್ತು, ಇನ್ನೊಂದು ಪುಣೆ ಹತ್ತಿರದ ಚಾಕಣದಲ್ಲಿ. ಒಂದು ಪೆಟ್ರೋಲ್, 258 ಅಶ್ವಶಕ್ತಿ. ಇನ್ನೊಂದು ಡೀಸೆಲ್, 265. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಮೊದಲನೆಯದಕ್ಕೆ 6.2 ಸೆಕೆಂಡು, ಎರಡನೆಯದಕ್ಕೆ 5.7. ಈ ಅರ್ಧ ಸೆಕೆಂಡಿನ ಬಗ್ಗೆ ಅವರು ನನಗೆ ಬಹಳ ಹೊತ್ತು ವಿವರಿಸಿದರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿಯೇ 100. ಅಲ್ಲಿ ಗೆದ್ದ ಅರ್ಧ ಸೆಕೆಂಡನ್ನು ಎಲ್ಲಿ ಖರ್ಚು ಮಾಡುತ್ತೀರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕಾರಿನ ಮೇಲೆ ನಿಜವಾದ ಪ್ರೀತಿ ಇರುವವರನ್ನು ಲೇವಡಿ ಮಾಡಿದರೆ ಅವರು ಆ ಕ್ಷಣವೇ ಬಾಗಿಲು ಹಾಕಿಕೊಳ್ಳುತ್ತಾರೆ.

ಮೊದಲ ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮುಂದಿನ ಸಲ ನಿಮ್ಮ ಎಕ್ಸೆಲ್ ಹಾಳೆಯನ್ನೇ ತನ್ನಿ ಎಂದೆ. ತಂದರು. ಒಂದೊಂದು ಗುಣಕ್ಕೆ ಒಂದೊಂದು ಸಾಲು, ಪ್ರತಿ ಸಾಲಿಗೂ ಹತ್ತರಲ್ಲಿ ಅಂಕ, ಕೊನೆಗೆ ಮೊತ್ತ. ಮೊತ್ತ ಎರಡೂ ಕಡೆ ಸರಿಸಮ. ಅಚ್ಚರಿಯಾಗಿ ಹಳೆಯ ಪ್ರತಿಗಳು ಇವೆಯೇ ಎಂದು ಕೇಳಿದೆ. ಅಚ್ಚುಕಟ್ಟಿನ ಮನುಷ್ಯ, ದಿನಾಂಕ ಹಾಕಿ ಎಲ್ಲವನ್ನೂ ಉಳಿಸಿದ್ದರು. ಒಂದೊಂದನ್ನೇ ತೆರೆಯುತ್ತ ಹೋದೆವು.

ವೇಗದ ಸಾಲಿನಲ್ಲಿ ಬೆಂಝ್ ಮುಂದಿತ್ತು. ಮಾರನೆಯ ಪ್ರತಿಯಲ್ಲಿ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಎಂಬ ಹೊಸ ಸಾಲು: ಬಿಎಂಡಬ್ಲ್ಯು 2961 ಮಿ.ಮೀ., ಬೆಂಝ್ 2865. ಹಿಂದಿನ ಸೀಟಿನ ಜಾಗದ ಲೆಕ್ಕ. ಬಿಎಂಡಬ್ಲ್ಯು ಮೇಲೆ ಬಂತು. ಅದರ ನಂತರದ ಪ್ರತಿಯಲ್ಲಿ ಟಾರ್ಕ್, ಅಂದರೆ ಎಂಜಿನ್ನಿನ ತಿರುಚುಬಲ: 550 ನ್ಯೂಟನ್ ಮೀಟರಿನ ಎದುರು 400. ಮತ್ತೆ ಬೆಂಝ್. ಆಮೇಲೆ ‘ದೆಹಲಿಯಲ್ಲಿ ಡೀಸೆಲ್ ಕಾರಿಗೆ ಹತ್ತು ವರ್ಷದ ಮಿತಿ’ ಎಂಬ ಸಾಲು. ಆಗ ದೆಹಲಿ ಸುತ್ತಮುತ್ತ ಹಾಗೊಂದು ಕಟ್ಟಳೆ ಇದ್ದದ್ದು ನಿಜ. ಇವರ ಮನೆ ಇರುವುದು ಬನಶಂಕರಿಯಲ್ಲಿ! ಆದರೂ ಆ ಒಂದು ಸಾಲಿನಿಂದ ಬೆಂಝ್‌ಗೆ ಎರಡು ಅಂಕ ಖೋತಾ ಆಗಿ ಮೊತ್ತ ಸಮವಾಗಿತ್ತು.

ಯಾವ ಕಾರು ಗೆದ್ದರೂ ಅದನ್ನು ಸೋಲಿಸಲು ಒಂದು ಹೊಸ ಸಾಲು ಹುಟ್ಟುತ್ತಿತ್ತು. ಅವರಿಗೆ ಇದು ತಿಳಿದಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಒಂದು ಕಾರು ಗೆದ್ದ ರಾತ್ರಿ ಏನಾಗುತ್ತದೆ?” ಎಂದು ಕೇಳಿದೆ.

“ಏನೋ ಬಿಟ್ಟುಹೋಗಿದೆ ಎನಿಸುತ್ತದೆ ಮೇಡಂ. ಎದ್ದು ಹುಡುಕುತ್ತೇನೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ.”

“ಸರಿ, ನಾಳೆ ಯಾವುದೋ ಒಂದು ಕಾರು ಮನೆಗೆ ಬಂತು ಎಂದಿಟ್ಟುಕೊಳ್ಳಿ. ಪೂಜೆಯಾಯಿತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದೂ ಆಯಿತು. ಆಮೇಲೆ?”

“ಆಮೇಲೆ ರಾತ್ರಿ ಹತ್ತಕ್ಕೆ ನಾನು ಏನು ಮಾಡಲಿ?”

ಹೇಳಿ ತಾವೇ ನಕ್ಕರು. ಪತ್ನಿ ನಗಲಿಲ್ಲ. ಮೌಸನ್ನು ತಮ್ಮ ಕಡೆಗೆ ಎಳೆದುಕೊಂಡು ಎಲ್ಲಕ್ಕಿಂತ ಹಳೆಯ ಪ್ರತಿಯ ದಿನಾಂಕವನ್ನು ನೋಡಿದರು. “ಇದು ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ವಾರ” ಎಂದರು. ಎರಡು ವರ್ಷ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ತಂದೆ ಮಗಳು ಊಟದ ಮೇಜಿನ ಮೇಲೆ ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದರಂತೆ. ಈಗ ಅದೇ ಮೇಜು, ಅದೇ ಹೊತ್ತು, ಲೆಕ್ಕ ಮಾತ್ರ ಕಾರಿನದು.

ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. “ಹಿಂದಿನ ಸೀಟಿನ ಬಗ್ಗೆ ಇವರು ಇಷ್ಟೆಲ್ಲ ಬರೆದಿದ್ದಾರೆ. ಅಲ್ಲಿ ಕೂರುವವರು ನಾನು ಮತ್ತು ಅತ್ತೆ. ನಮ್ಮಿಬ್ಬರನ್ನು ಒಂದು ದಿನವೂ ಕೇಳಿಲ್ಲ. ನನಗೆ ಕಾರು ಬೇಡ ಎಂದು ಇವರೇ ತೀರ್ಮಾನಿಸಿಬಿಟ್ಟಿದ್ದಾರೆ. ನಾನು ಹಾಗೆಂದು ಎಂದೂ ಹೇಳಿಲ್ಲ.”

“ನೀನು ಬೈಯುತ್ತೀಯ ಎಂದುಕೊಂಡಿದ್ದೆ” ಎಂದರು ಗಂಡ.

“ಲ್ಯಾಪ್‌ಟಾಪಿಗೆ ಬೈದೆ. ಕಾರಿಗೆ ಎಲ್ಲಿ ಬೈದೆ?”

ಇದನ್ನು ಓದಿ ‘ಓಹೋ, ಮಗಳ ಅಗಲಿಕೆಯೇ ಮೂಲ’ ಎಂದು ಯಾರೂ ತೀರ್ಪು ಕೊಡದಿರಲಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ವೃತ್ತಿಯಲ್ಲಿ ಇಂಥ ಅಚ್ಚುಕಟ್ಟಾದ ಕಾರಣ ಸಿಕ್ಕಿದ ಕೂಡಲೇ ಪೆನ್ನು ಕೆಳಗಿಡುವವರಿದ್ದಾರೆ. ಆ ಮನುಷ್ಯನಿಗೆ ಹದಿನೈದನೆಯ ವಯಸ್ಸಿನಿಂದ ಕಾರಿನ ಹುಚ್ಚು ಇತ್ತು. ಮಗಳು ಮನೆಯಲ್ಲೇ ಇದ್ದಿದ್ದರೂ ಕಾರನ್ನು ನೋಡುತ್ತಿದ್ದರು. ಮಗಳು ಹೋದದ್ದರಿಂದ ಆದದ್ದು ಇಷ್ಟೇ: ಹೋಲಿಕೆ ಮುಗಿಯದೇ ಇರುವುದರಲ್ಲಿ ಅವರಿಗೊಂದು ಅನುಕೂಲ ಒದಗಿತು. ಮುಗಿಯದ ಕೆಲಸ ಇರುವವನಿಗೆ ಖಾಲಿ ಹೊತ್ತು ಇರುವುದಿಲ್ಲ.

ನಾನು ಕೊಟ್ಟ ಸಲಹೆ ಸ್ವಲ್ಪ ಗಡುಸಾಗಿತ್ತು. ಆಪ್ತಸಲಹೆಗಾರರು ನಿರ್ಧಾರ ಹೇಳಬಾರದು ಎಂದು ನಮಗೆ ಕಲಿಸಿರುತ್ತಾರೆ. ಯಾವ ಕಾರು ಎಂದು ನಾನು ಹೇಳಲಿಲ್ಲ. ಹೇಗೆ ಮುಗಿಸಬೇಕು ಎಂಬುದನ್ನು ಮಾತ್ರ ಎದುರು ಕೂರಿಸಿಕೊಂಡು ಬರೆಸಿದೆ.

ಮೊದಲನೆಯದು, ಹಾಳೆಗೆ ಬೀಗ. ಇರುವ ಸಾಲುಗಳನ್ನು ಅಳಿಸಬೇಕಾಗಿಲ್ಲ, ಹೊಸ ಸಾಲು ಸೇರಿಸುವಂತಿಲ್ಲ. ಅದರ ಪಾಸ್‌ವರ್ಡ್ ಪತ್ನಿಯ ಬಳಿ. ಎರಡನೆಯದು ಹಣದ ಮಿತಿ. ದೊಡ್ಡ ಮೊತ್ತಗಳನ್ನು ಅವರು ಎಣಿಸಿಯೇ ಇರಲಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆಯೇ ಶೇ 18, ಅದರ ಮೇಲೆ ಉಪಕರ. ವಿಮೆಯೂ ಸೇರಿ ರಸ್ತೆಗಿಳಿಯುವ ಹೊತ್ತಿಗೆ ಆಗ ಎರಡೂ 70 ಲಕ್ಷವನ್ನು ಹಿಂದೆ ಹಾಕುತ್ತಿದ್ದವು. ವಿಮೆಯ ಲೆಕ್ಕದಲ್ಲೇ ಐದು ವರ್ಷ ತುಂಬುವಷ್ಟರಲ್ಲಿ ಕಾರಿನ ಬೆಲೆ ಅರ್ಧ. ಈ ತೂಕದ ಸಂಗತಿಗಳೆಲ್ಲ ಎರಡು ಕಾಲಂನಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಕೊಳ್ಳುವುದೋ ಬೇಡವೋ ಎಂಬುದು ದೊಡ್ಡ ಪ್ರಶ್ನೆ, ಯಾವುದು ಎಂಬುದು ಚಿಕ್ಕದು. ಅವರು ವರ್ಷವಿಡೀ ಚಿಕ್ಕದಕ್ಕೆ ಉತ್ತರ ಹುಡುಕಿ ದೊಡ್ಡದನ್ನು ದಾಟಿಬಿಟ್ಟಿದ್ದರು. ಆ ದೊಡ್ಡ ಪ್ರಶ್ನೆಯನ್ನು ಗಂಡ ಹೆಂಡತಿ ಕೂತು ಒಂದೇ ಸಂಜೆಯಲ್ಲಿ ಬಗೆಹರಿಸಿದರು: ಮಗಳ ಓದಿನ ಹಣ ಮತ್ತು ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಹಣ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಕೊಳ್ಳಬಹುದು.

ಮೂರನೆಯದು ಟೆಸ್ಟ್ ಡ್ರೈವ್. ಅದುವರೆಗೆ ಅವರು ಒಬ್ಬರೇ ಹೋಗಿ, ಪಕ್ಕದಲ್ಲಿ ಮಾರಾಟಗಾರನನ್ನು ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಓಡಿಸಿ ಬಂದಿದ್ದರು. ಈ ಸಲ ತಾಯಿ, ಪತ್ನಿ ಇಬ್ಬರನ್ನೂ ಕರೆದುಕೊಂಡು, ಸಂಜೆಯ ದಟ್ಟಣೆಯಲ್ಲಿ, ಮನೆಯ ಮುಂದಿನ ರಸ್ತೆ ಉಬ್ಬಿನ ಮೇಲೇ ಓಡಿಸಬೇಕು. ಅರ್ಧ ದಾರಿ ಅವರೂ ಹಿಂದೆ ಕೂರಬೇಕು. ಹಾಗೆ ಮಾಡಿಯೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಮಟ್ಟಿಗೆ ವ್ಯತ್ಯಾಸ ಇಲ್ಲ. ಮನೆಗೆ ಹತ್ತಿರದ ಸರ್ವೀಸ್ ಸೆಂಟರ್ ಯಾರದೋ ಅವರದ್ದನ್ನು ಕೊಂಡುಕೊಳ್ಳಿ ಎಂದೆ. ತಿಂಗಳ ಕೊನೆಯ ದಿನವನ್ನು ಗಡುವಾಗಿ ಬರೆಸಿದೆ.

“ಸರ್ವೀಸ್ ಸೆಂಟರ್ ನೋಡಿ ಇಷ್ಟು ದುಡ್ಡಿನ ಕಾರು ಕೊಳ್ಳುವುದೇ?” ಎಂದು ಅವರು ಕೆರಳಿದರು. ಓದುಗರಲ್ಲೂ ಕೆಲವರು ಕೆರಳಬಹುದು. ನನ್ನ ಸಮರ್ಥನೆ ಇದು. ಒಂದು ಸ್ಪಷ್ಟವಾಗಿ ಮೇಲಿದ್ದರೆ ಮಾಹಿತಿಯಿಂದ ಆಯ್ಕೆ ಸುಲಭವಾಗುತ್ತದೆ. ಎರಡೂ ಸರಿಸಮ ಇದ್ದಾಗ ಇನ್ನಷ್ಟು ಮಾಹಿತಿಯಿಂದ ಸಿಗುವುದು ಇನ್ನಷ್ಟು ಸಮಬಲ. ಅಲ್ಲಿ ಬೇಕಿರುವುದು ನಿಲ್ಲಿಸುವ ನಿಯಮ. ‘ಅತ್ಯುತ್ತಮ’ವನ್ನೇ ಹುಡುಕದೆ, ಸಾಕಷ್ಟು ಒಳ್ಳೆಯದು ಸಿಕ್ಕಲ್ಲಿ ನಿಲ್ಲುವುದೂ ವಿವೇಕವೇ ಎಂದು ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ವಾದಿಸಿದ್ದರು. ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ತಪ್ಪು ಆರಿಸಿದರೆ ಜೀವನವಿಡೀ ಕೊರಗುತ್ತೇನೆ ಎಂಬ ಭಯಕ್ಕೂ ಉತ್ತರವಿದೆ. ಜಾಕ್ ಬ್ರೆಮ್ ಎಂಬ ಮನೋವಿಜ್ಞಾನಿ 1956ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಹಿಳೆಯರಿಗೆ ಗೃಹೋಪಯೋಗಿ ವಸ್ತುಗಳನ್ನು ತೋರಿಸಿ ಅಂಕ ಕೊಡಿಸಿದರು. ಬಳಿಕ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿ, ಮತ್ತೆ ಅಂಕ ಕೊಡಿಸಿದರು. ಆರಿಸಿಕೊಂಡದ್ದರ ಅಂಕ ಏರಿತ್ತು, ಬಿಟ್ಟದ್ದರದ್ದು ಇಳಿದಿತ್ತು. ಮೊದಲು ಎರಡೂ ಸರಿಸಮ ಎನಿಸಿದ್ದವರಲ್ಲಿ ಈ ಅಂತರ ಇನ್ನೂ ಹೆಚ್ಚು. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಮಿನ್ನೆಸೋಟದ ಸಂಶೋಧಕರು ಹೊಸ ಕಾರು ಕೊಂಡವರನ್ನೇ ಮಾತಾಡಿಸಿದರು. ಅವರು ತಾವು ಕೊಂಡ ಕಾರಿನ ಜಾಹೀರಾತನ್ನು ಹೆಚ್ಚಾಗಿ ಓದುತ್ತಿದ್ದರು, ಕೊಳ್ಳಲು ಯೋಚಿಸಿ ಕೈಬಿಟ್ಟ ಕಾರಿನದ್ದನ್ನು ಕಡಿಮೆ. ಮನಸ್ಸು ತಾನು ಮನೆಗೆ ತಂದದ್ದರ ಪರ ವಕಾಲತ್ತು ವಹಿಸುತ್ತದೆ. ಇದನ್ನು ಆತ್ಮವಂಚನೆ ಎನ್ನುವವರಿದ್ದಾರೆ. ಇದಿಲ್ಲದೆ ಯಾವ ಮದುವೆಯೂ ವರ್ಷ ದಾಟುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ನಾಲ್ಕನೆಯ ಸಲಹೆ ರಾತ್ರಿ ಹತ್ತು ಗಂಟೆಯದು. ಹವ್ಯಾಸ ಬೆಳೆಸಿಕೊಳ್ಳಿ ಎಂಬ ಸಿದ್ಧ ಮಾತನ್ನು ನಾನು ಹೇಳುವುದಿಲ್ಲ, ಯಾರೂ ಬೆಳೆಸಿಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಮೊದಲ ಅರ್ಧ ಗಂಟೆ ಇಬ್ಬರೂ ನಡೆದು ಬನ್ನಿ, ಅಷ್ಟು ಸಾಕು. ನಡೆಯುವಾಗ ಕಾರಿನ ಬಗ್ಗೆಯೇ ಮಾತಾಡಿದರೂ ಅಡ್ಡಿಯಿಲ್ಲ ಎಂದೆ. ಪತ್ನಿಗೂ ಒಂದು ಮಾತು ಹೇಳಿದೆ: ಆ ಅರ್ಧ ಗಂಟೆಯಲ್ಲಿ ಮೀನಮೇಷ ಎಂಬ ಶಬ್ದ ಬಳಸಬೇಡಿ.

ಎಲ್ಲರಿಗೂ ಇಷ್ಟೇ ಸಾಲದು. ನಿರ್ಧರಿಸಲಾಗದಿರುವುದು ಕಾರು, ಕಾಲೇಜು ಮೀರಿ ಯಾವ ಅಂಗಿ, ಯಾವ ತಿಂಡಿ ಎಂಬಲ್ಲಿಗೂ ಹರಡಿದ್ದರೆ, ಬೇಡವೆಂದರೂ ಪದೇ ಪದೇ ಪರೀಕ್ಷಿಸುವ ಒತ್ತಡ ಇದ್ದರೆ, ವಾರಗಟ್ಟಲೆ ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ ಅದು ಖಿನ್ನತೆಯೋ ಗೀಳು ಕಾಯಿಲೆಯೋ ಇರಬಹುದು. ಆಗ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಇವರಲ್ಲಿ ಆ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಾಳೆಯ ಕಡೆ ತಿರುಗಿದ್ದು.

ಟೆಸ್ಟ್ ಡ್ರೈವ್ ವರದಿಯನ್ನು ಮುಂದಿನ ಭೇಟಿಯಲ್ಲಿ ಇಬ್ಬರೂ ಪೈಪೋಟಿಯಲ್ಲಿ ಹೇಳಿದರು. ತಾಯಿ ಮೊದಲು ಸೀಟಿನ ಅಂಚಿನಲ್ಲಿ ಕೂತು, ಬಾಗಿಲಿನ ಚೌಕಟ್ಟು ಹಿಡಿದು, ಎರಡೂ ಕಾಲನ್ನು ಕೈಯಿಂದ ಒಂದೊಂದಾಗಿ ಎತ್ತಿ ಒಳಗೆ ಇಟ್ಟುಕೊಂಡರಂತೆ. ಇಳಿಯುವಾಗ ಮಗನೇ ಕೈ ಕೊಟ್ಟು ಎಬ್ಬಿಸಬೇಕಾಯಿತು. ಎರಡನೆಯ ಕಾರಿನಲ್ಲೂ ಅದೇ. ಯಾವುದು ಚೆನ್ನಾಗಿದೆ ಅಮ್ಮ ಎಂದರೆ, “ಎರಡೂ ಒಂದೇ ತಗ್ಗು ಕಣೋ. ಯಾವುದಾದರೂ ತಗೋ, ಇಳಿಯುವಾಗ ಕೈ ಕೊಡು” ಎಂದರಂತೆ.

ಗಡುವಿಗೆ ಎರಡು ದಿನ ಮೊದಲೇ ಬುಕ್ ಮಾಡಿದರು. ಯಾವುದನ್ನು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಂದನ್ನು ಕೊಂಡಿರುವ ಓದುಗರು ನನಗೆ ಪತ್ರ ಬರೆಯುತ್ತಾರೆ. ರಾತ್ರಿಯ ನಡಿಗೆ ವಾರಕ್ಕೆ ಮೂರು ನಾಲ್ಕು ದಿನ ನಡೆಯುತ್ತಿದೆ, ಉಳಿದ ದಿನ ಲ್ಯಾಪ್‌ಟಾಪ್ ಗೆಲ್ಲುತ್ತದೆ ಎಂದು ಪತ್ನಿ ತಿಳಿಸಿದ್ದಾರೆ. ಈಗ ಟಯರುಗಳ ಹೋಲಿಕೆ ಶುರುವಾಗಿದೆಯಂತೆ. ಅದರ ಹಾಳೆಯಲ್ಲಿ ಅಂಕ ಕೊಡುವ ಕೆಲಸವನ್ನು ಆಕೆಯೇ ವಹಿಸಿಕೊಂಡಿದ್ದಾರೆ.