80 ಲಕ್ಷದ ಫ್ಲಾಟು 80 ಲಕ್ಷಕ್ಕೆ ಮುಗಿಯಲ್ಲ

ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿರುವ 80 ಲಕ್ಷದ ಫ್ಲಾಟಿಗೆ ಮೇಲೆ ಎಷ್ಟು ಬೇಕು, ಏನೇನು ನೋಡಬೇಕು ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ಮಾತು. ಜಿಎಸ್‌ಟಿ 5% ಅಂದರೆ 4 ಲಕ್ಷ. ಓಸಿ (ಕಟ್ಟಡ ಮುಗಿದಿದೆ, ವಾಸ ಮಾಡಬಹುದು ಅನ್ನುವ ಸರ್ಕಾರಿ ಪತ್ರ) ಬಂದ ಮೇಲೆ ಬುಕ್ ಮಾಡಿದರೆ ಇದು ಇಲ್ಲ. ಸ್ಟ್ಯಾಂಪ್ ಡ್ಯೂಟಿ ಸೆಸ್ಸು ಸೇರಿ ಸುಮಾರು 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. ಇವೆರಡಕ್ಕೇ 6 ಲಕ್ಷ ಹೋಯಿತು. ಕ್ಲಬ್ ಹೌಸು, ಕಾವೇರಿ ನೀರು, ಕರೆಂಟ್ ಡೆಪಾಸಿಟ್ಟು, ಮುಂಗಡ ಮೇಂಟೆನೆನ್ಸು ಬೇರೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ನಾನು ಎಡವಿದ್ದು ಪ್ಲ್ಯಾನ್ ನೋಡುವಾಗ. ಮಾದರಿ ಮನೆಗೆ ಮರುಳಾದೆ. (ಅಲ್ಲಿ ಮಂಚವೇ ಗಿಡ್ಡ ಇತ್ತು, ಆಮೇಲೆ ಹೊಳೆಯಿತು!) ನಮ್ಮ ಯುಟಿಲಿಟಿಯಲ್ಲಿ (ಅಡುಗೆಮನೆ ಪಕ್ಕದ ಬಟ್ಟೆ-ಪಾತ್ರೆ ತೊಳೆಯುವ ಜಾಗ) ವಾಷಿಂಗ್ ಮಷಿನ್ ಇಟ್ಟರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಪಾರ್ಕಿಂಗ್ ಪಕ್ಕದಲ್ಲೇ ಕಂಬ, ಕಾರಿನಿಂದ ಒಂದೇ ಕಡೆ ಇಳಿಯಬೇಕು. ಲಿಫ್ಟು, ಮೆಟ್ಟಿಲಿನಂಥ ಎಲ್ಲರ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್ ಅಪ್ ಲೆಕ್ಕ ಬಿಡಿ, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಸಿಗುವ ಜಾಗ ಎಷ್ಟು ಅಂತ ಕೇಳಿ. ಟೇಪ್ ಹಿಡಿದು ನಿಮ್ಮ ಮಂಚ, ಬೀರು, ಫ್ರಿಜ್ ಅಳೆದು ಪ್ಲ್ಯಾನ್ ಮೇಲೆ ಗುರುತು ಹಾಕಿ.

ಕೀ ತಗೊಳ್ಳುವ ಮುಂಚೆ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಯಿರಿ. ನಮ್ಮ ಮನೆಯಲ್ಲಿ ನೀರು ಸೀದಾ ನಡುಮನೆಗೆ ಬಂತು. ರೇರಾ (ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ಪ್ರಕಾರ ಕೀ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ, ಕಳಪೆ ಕೆಲಸ ಕಂಡರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಫೋನಲ್ಲಿ ಸುಮ್ನೆ ಜಗಳ ಆಡಬೇಡಿ, ಫೋಟೋ ಹಾಕಿ ಇಮೇಲ್ ಕಳಿಸಿ.