ಅಟ್ಲಾಸಿನಲ್ಲಿ ಉಳಿದ ಬಣ್ಣಗಳು

ಪ್ರಶ್ನೆ: ಸರ್, ನನ್ನ ಮಗಳು ಎಂಟನೇ ಕ್ಲಾಸು. ಅವಳ ಅಟ್ಲಾಸಿನಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಬಣ್ಣ ಹಾಕಿದ್ದಾರೆ. ಕ್ರೈಸ್ತ ಧರ್ಮದ್ದು, ಇಸ್ಲಾಮಿನದ್ದು, ಈ ಎರಡು ಬಣ್ಣಗಳೇ ಮುಕ್ಕಾಲು ಪುಟ ತುಂಬಿವೆ. "ಇವೆರಡೂ ಜಾಸ್ತಿ ಇಲ್ಲದ ದೇಶ ಯಾವುದಪ್ಪಾ?" ಅಂತ ಕೇಳಿದಳು. ನೇಪಾಳ ಅಂದೆ, ಮುಂದಕ್ಕೆ ಹೊಳೆಯಲಿಲ್ಲ. ಬೇರೆ ಯಾವುವು? ಅಲ್ಲಿಗೆ ಪಾದ್ರಿಗಳು, ಅರಬ್ ವ್ಯಾಪಾರಿಗಳು ಹೋಗಲೇ ಇಲ್ವಾ?
(ಮದ್ದೂರಿನ ಓದುಗರು)

ಉತ್ತರ: ನೇಪಾಳ ಅಂದಿದ್ದು ಸರಿಯಾಗೇ ಇದೆ. 2021ರ ಜನಗಣತಿ ಪ್ರಕಾರ ಅಲ್ಲಿ ಹಿಂದೂಗಳು ಶೇ. 81, ಬೌದ್ಧರು ಶೇ. 8, ಮುಸ್ಲಿಮರು ಶೇ. 5, ಕ್ರೈಸ್ತರು ಶೇ. 2ಕ್ಕೂ ಕಡಿಮೆ. ಪೂರ್ವದ ಗುಡ್ಡಗಾಡಿನ ಜನರ ಕಿರಾತ ಧರ್ಮದವರು ಶೇ. 3ರಷ್ಟಿದ್ದಾರೆ, ಅಟ್ಲಾಸುಗಳಲ್ಲಿ ಇವರಿಗೆ ಬಣ್ಣವೇ ಸಿಗೋದಿಲ್ಲ. ನೇಪಾಳದ ಜೊತೆಗೆ ಭೂತಾನ್, ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್, ಮಂಗೋಲಿಯಾ, ಜಪಾನ್ ಸೇರಿಸಿ. ನಮ್ಮ ದೇಶವನ್ನು ಸೇರಿಸಬೇಡಿ. 2011ರ ಲೆಕ್ಕದಲ್ಲಿ ಇಲ್ಲಿ ಮುಸ್ಲಿಮರು ಶೇ. 14, ಕ್ರೈಸ್ತರು ಶೇ. 2.3, ಆದರೆ ತಲೆ ಎಣಿಸಿದರೆ 17 ಕೋಟಿ ಮತ್ತು ಎರಡೂಮುಕ್ಕಾಲು ಕೋಟಿ. ಅಷ್ಟು ಜನರನ್ನು ಶೇಕಡಾ ಲೆಕ್ಕದ ಹಿಂದೆ ಮರೆಮಾಡೋದು ತಪ್ಪು.

ಇನ್ನು ಹೋಗಲೇ ಇಲ್ವಾ ಅನ್ನುವ ಪ್ರಶ್ನೆ. ಹೋಗಿದ್ದರು ಸ್ವಾಮಿ, ಎಲ್ಲ ಕಡೆಗೂ ಹೋಗಿದ್ದರು. ಇದಕ್ಕೆ ನಿಮ್ಮ ಜಿಲ್ಲೆಯಿಂದಲೇ ಶುರು ಮಾಡುತ್ತೇನೆ. 1799ರ ಯುದ್ಧದ ನಂತರ ಶ್ರೀರಂಗಪಟ್ಟಣಕ್ಕೆ ದುಬುವಾ ಅನ್ನುವ ಫ್ರೆಂಚ್ ಪಾದ್ರಿ ಬಂದರು. ಜನ ದೊಡ್ಡಸ್ವಾಮಿ ಅಂತ ಕರೆದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಓಡಾಡಿದವರಲ್ಲಿ ಅವರೂ ಒಬ್ಬರು. 1823ರಲ್ಲಿ ವಾಪಸ್ ಹೋದಾಗ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅಂತ ಅವರೇ ಪುಸ್ತಕ ಬರೆದರು. ಈಗ ಬ್ಯಾಂಕಾಕಿಗೆ ಬನ್ನಿ. 1835ರಲ್ಲಿ ಅಲ್ಲಿಗೆ ಬ್ರಾಡ್ಲಿ ಅನ್ನುವ ಅಮೆರಿಕದ ಡಾಕ್ಟರು ಮತಪ್ರಚಾರಕ್ಕೆ ಬಂದರು. ಅವರೂ ಸಿಡುಬಿನ ಲಸಿಕೆ ಹಾಕಿದರು, ಥಾಯ್ ಅಕ್ಷರದಲ್ಲಿ ಅಚ್ಚು ಹಾಕಿದರು, 1873ರಲ್ಲಿ ಅಲ್ಲೇ ತೀರಿಕೊಂಡರು. ಜನ ಲಸಿಕೆ ತಗೊಂಡರು, ಪುಸ್ತಕ ತಗೊಂಡರು, ಧರ್ಮ ಬದಲಿಸಿದವರು ಮಾತ್ರ ತೀರಾ ಕಡಿಮೆ. ಇವತ್ತಿಗೂ ಥಾಯ್ಲೆಂಡಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ.

ಯಾಕೆ ಅಂದ್ರೆ, ಅಲ್ಲಿ ಊರಿನ ಬೌದ್ಧ ವಿಹಾರವೇ ಹುಡುಗರ ಶಾಲೆಯೂ ಆಗಿತ್ತು. ಓದು ಬರಹ ಕಲಿಯೋದು ಅಲ್ಲಿ, ಹರೆಯದಲ್ಲಿ ಒಂದಷ್ಟು ದಿನ ಸನ್ಯಾಸಿಯಾಗಿ ಇರೋದು ಅಲ್ಲಿ, ಸತ್ತರೆ ಸಂಸ್ಕಾರವೂ ಅಲ್ಲಿ. ರಾಜ ಮೊಂಗ್‌ಕುಟ್ ಪಟ್ಟಕ್ಕೆ ಬರುವ ಮೊದಲು 27 ವರ್ಷ ಕಾವಿ ತೊಟ್ಟವನು. ಇಂಥ ಕಡೆ ಧರ್ಮ ಬಿಡೋದು ಅಂದ್ರೆ ಊರು, ಮನೆ, ಅರಸ ಎಲ್ಲ ಬಿಟ್ಟ ಹಾಗೆ. ಜೊತೆಗೆ ಆ ದೇಶ ಯಾವ ಯುರೋಪಿನವರ ಕೈಗೂ ಸಿಗಲಿಲ್ಲ. ಪಕ್ಕದಲ್ಲೇ ನೋಡಿ, ಮಲಾಕಾದಂಥ ಬಂದರುಗಳ ಅರಸರು ಮುಸ್ಲಿಂ ವ್ಯಾಪಾರಿಗಳ ಧರ್ಮ ಒಪ್ಪಿಕೊಂಡರು, ಮಲೇಷ್ಯಾ ಇವತ್ತು ಮುಸ್ಲಿಂ ದೇಶ. ಫಿಲಿಪೀನ್ಸನ್ನು ಸ್ಪೇನಿನವರು ಮುನ್ನೂರು ವರ್ಷಕ್ಕೂ ಜಾಸ್ತಿ ಆಳಿದರು, ಅದು ಕ್ರೈಸ್ತ ದೇಶ. ಎಷ್ಟೋ ಕಡೆ ಅರಸ ಹಿಡಿದ ದಾರಿಯೇ ಜನರ ದಾರಿಯಾಯಿತು.

ಮಗಳಿಗೆ ಇದನ್ನೂ ತಪ್ಪದೆ ಹೇಳಿ. ಥಾಯ್ಲೆಂಡಿನ ದಕ್ಷಿಣದ ಪಟ್ಟಾನಿ, ಯಾಲಾ, ನಾರಾಥಿವಾಟ್ ಪ್ರಾಂತ್ಯಗಳಲ್ಲಿ ಮುಸ್ಲಿಮರೇ ಜಾಸ್ತಿ. ಮಂಗೋಲಿಯಾದ ಪಶ್ಚಿಮ ತುದಿಯಲ್ಲಿ ಕಜಾಕ್ ಮುಸ್ಲಿಮರು, ಕಾಂಬೋಡಿಯಾದಲ್ಲಿ ಚಾಮ್ ಮುಸ್ಲಿಮರು ಇದ್ದಾರೆ. ಅವರದ್ದೂ ಅದೇ ದೇಶ. ಅಟ್ಲಾಸಿನವರು ಒಂದೇ ಬಣ್ಣ ಬಳಿದುಬಿಟ್ಟಾಗ ಇವರೆಲ್ಲ ಅಳಿಸಿಹೋಗುತ್ತಾರೆ, ನನಗೆ ಆ ಭೂಪಟಗಳ ಮೇಲೆ ಇರುವ ದೊಡ್ಡ ತಕರಾರು ಇದೇ.

ಪ್ರಶ್ನೆ: ಸರ್, ಮಗ ಕೆಲಸಕ್ಕೆ ಅಂತ ಟೋಕಿಯೋದಲ್ಲಿ ಇದ್ದಾನೆ. ಆಫೀಸಿನವರನ್ನು ಕೇಳಿದರೆ "ನಮಗೆ ಧರ್ಮ ಇಲ್ಲ" ಅಂತಾರಂತೆ, ಹೊಸ ವರ್ಷಕ್ಕೆ ಮಾತ್ರ ಎಲ್ಲರೂ ಗುಡಿಗೆ ಹೋಗ್ತಾರಂತೆ. ಇದೇನು ಕಥೆ?
(ಮೈಸೂರು, ಸರಸ್ವತಿಪುರಂನ ಓದುಗರು)

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ ತಾಯಿ. ಒಂದು ಮತಕ್ಕೆ ಹೆಸರು ಕೊಟ್ಟು ಸೇರೋದು, ಬೇರೆಯದನ್ನು ಬಿಡೋದು, ಧರ್ಮ ಅಂದ್ರೆ ಅವರಿಗೆ ಅದು. ಅವರಲ್ಲಿ ಬಹಳ ಜನಕ್ಕೆ ಅದು ಬೇಡ. ಮಗು ಹುಟ್ಟಿದರೆ ಜಪಾನಿನದೇ ಹಳೆಯ ಧರ್ಮವಾದ ಶಿಂಟೋದ ಗುಡಿಗೆ ಕರಕೊಂಡು ಹೋಗ್ತಾರೆ, ಸಾವಿಗೆ ಬೌದ್ಧ ಭಿಕ್ಷು ಬರ್ತಾರೆ, ಮದುವೆ ಎಷ್ಟೋ ಸಲ ಚರ್ಚಿನ ಥರದ ಹಾಲಿನಲ್ಲೇ ನಡೆಯುತ್ತೆ. ಆದರೂ ಕ್ರೈಸ್ತರು ನೂರಕ್ಕೆ ಒಬ್ಬರು. ಗುಡಿಗಳು, ವಿಹಾರಗಳು ಕೊಟ್ಟ ಭಕ್ತರ ಸಂಖ್ಯೆ ಕೂಡಿಸಿದರೆ ದೇಶದ ಜನಸಂಖ್ಯೆಗಿಂತ ಜಾಸ್ತಿ ಬರುತ್ತೆ, ಒಬ್ಬರನ್ನೇ ಎರಡೂ ಕಡೆ ಎಣಿಸುವುದರಿಂದ.

ಇದರ ಹಿಂದೆ ನೋವಿನ ಕಥೆಯೂ ಇದೆ. 1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಅನ್ನುವ ಪಾದ್ರಿ ಜಪಾನಿಗೆ ಹೋದ ಮೇಲೆ ಲಕ್ಷಗಟ್ಟಲೆ ಜನ ಕ್ರೈಸ್ತರಾಗಿದ್ದರು. 1597ರಲ್ಲಿ ನಾಗಾಸಾಕಿಯಲ್ಲಿ 26 ಜನರನ್ನು ಶಿಲುಬೆಗೆ ಏರಿಸಿದರು, 1614ರಲ್ಲಿ ದೇಶಕ್ಕೆಲ್ಲ ನಿಷೇಧ ಹಾಕಿದರು. ಯೇಸುವಿನ ಚಿತ್ರವನ್ನು ಕಾಲಲ್ಲಿ ತುಳಿಸಿ ಪರೀಕ್ಷೆ ಮಾಡುತ್ತಿದ್ದರು. ಕೆಲವು ಮನೆಗಳವರು ಇನ್ನೂರೈವತ್ತು ವರ್ಷ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. 1865ರಲ್ಲಿ ನಾಗಾಸಾಕಿಯ ಹೊಸ ಚರ್ಚಿಗೆ ಬಂದು, ನಾವೂ ನಿಮ್ಮವರೇ ಅಂತ ಫ್ರೆಂಚ್ ಪಾದ್ರಿಗೆ ತಿಳಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಿಷೇಧ ತೆಗೆದಿದ್ದು 1873ರಲ್ಲಿ.

ಟೋಕಿಯೋದ ಉಯೆನೊ ಪಾರ್ಕಿನಲ್ಲಿ ಒಂದು ದೊಡ್ಡ ಕೊಳ ಇದೆ, ಅದರ ನಡುವೆ ಬೆಂಜೈಟೆನ್ ಅನ್ನುವ ದೇವಿಯ ಗುಡಿ. ಆಕೆ ನಮ್ಮ ಸರಸ್ವತಿಯೇ, ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ವೀಣೆಯ ಬದಲು ಕೈಯಲ್ಲಿ ಬಿವಾ ಅನ್ನುವ ತಂತಿವಾದ್ಯ ಹಿಡಿದಿರುತ್ತಾಳೆ. ಸರಸ್ವತಿಪುರಂನಲ್ಲಿ ಬೆಳೆದ ಹುಡುಗ ಅಲ್ವಾ, ಒಂದು ಭಾನುವಾರ ಹೋಗಿ ನೋಡಿಕೊಂಡು ಬರಲು ಹೇಳಿ.